ನೆಲ ಡೊಂಕು

ನನ್ನ ತಲೆಯಲ್ಲಿ ಏನೋ ಬೆಳೆಯುತ್ತಿದೆ ಎಂದು ಎಲ್ಲರಿಗಿಂತ ಮೊದಲು ಹೇಳಿದ್ದು ಒಂದು ಗಾಲ್ಫ್ ಚೆಂಡು. ನಾನು ಅದರ ಮಾತು ನಂಬಲಿಲ್ಲ. ಗೌಂಡಿಯನ್ನು ಕರೆಸಿ ಮನೆಯ ನೆಲ ಕೀಳಿಸಿದೆ. ಈಗ ಬರೆಯಲು ಕೂತಾಗ ನಗು ಬರುತ್ತದೆ, ಆದರೆ ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಇಂಥ ಬೇನೆ ಬಂದು, ಯಾರ ಮುಂದೆ ಹೇಳಬೇಕು ಎಂದು ತಿಳಿಯದೆ ಒಬ್ಬರೇ ಕೂತವರು ಎಲ್ಲೋ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಳಂದದಲ್ಲಿ ಗಾಲ್ಫ್ ಅಂದರೆ ಜನ ಮುಖ ನೋಡುತ್ತಾರೆ. ನನಗೆ ಈ ಹುಚ್ಚು ಹಚ್ಚಿದವನು ಮೆಹಬೂಬ. ಇಬ್ಬರೂ ಇದೇ ಊರಿನ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತವರು. ನಾನು ನೀರಾವರಿ ಇಲಾಖೆ ಸೇರಿ ಅಫಜಲಪುರದ ಕಡೆಯೆಲ್ಲ ಕಾಲುವೆ ಕಟ್ಟಿಸಿದೆ. ಅವನು ಫೌಜಿಗೆ ಹೋಗಿ ಸುಬೇದಾರನಾಗಿ ಮರಳಿ ಬಂದ. ಕಂಟೋನ್ಮೆಂಟಿನಲ್ಲಿ ಸಾಹೇಬರ ಜೊತೆ ಆಡಿ ಕಲಿತ ಆಟವನ್ನು ಜೇವರ್ಗಿ ಹತ್ತಿರದ ತನ್ನ ಹೊಲಕ್ಕೆ ತಂದ. ತೊಗರಿ ಹೊಲದ ಒಂದು ಅಂಚನ್ನು ಬಿತ್ತದೆ ಬಿಟ್ಟು, ಹುಲ್ಲು ಬೆಳೆಸಿ, ಅಲ್ಲಲ್ಲಿ ಕುಳಿ ತೋಡಿ, ಕುಳಿಗೊಂದು ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟ. ನಾನು ನಿವೃತ್ತನಾದ ಮೇಲೆ ರವಿವಾರ ಬಂದರೆ ಅಲ್ಲಿಗೇ ಓಟ. ಊರವರು ನಮ್ಮ ಆಟಕ್ಕೆ ‘ಮುದುಕರ ಚಿಣ್ಣಿದಾಂಡು’ ಎಂದು ಹೆಸರಿಟ್ಟರು.

ಆದರೆ ಅದು ಎರೆ ಮಣ್ಣು. ಮಳೆ ಬಿದ್ದರೆ ಇಟ್ಟ ಕಾಲು ಕೀಳಲು ಬಿಡುವುದಿಲ್ಲ. ಹೀಗಾಗಿ ಮೊದಲ ಮಳೆಯಿಂದ ದಸರೆಯವರೆಗೆ ಆಟ ಬಂದ್. ಆ ತಿಂಗಳುಗಳಲ್ಲಿ ನಾನು ಪಡಸಾಲೆಯಲ್ಲಿ ಜಮಖಾನ ಹಾಸಿ, ಅದರ ಆ ತುದಿಗೆ ಒಂದು ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ಪಟರ್ ಎಂಬ ಚಪ್ಪಟೆ ಮೂತಿಯ ಕೋಲಿನಿಂದ ಚೆಂಡನ್ನು ಮೆಲ್ಲಗೆ ಅದರೊಳಗೆ ತಳ್ಳುತ್ತ ಇರುತ್ತೇನೆ. ದೂರ ಹೊಡೆಯುವುದಕ್ಕೆ ತೋಳಿನ ಬಲ ಬೇಕು. ಈ ಕೊನೆಯ ತಳ್ಳು ಮಾತ್ರ ಕಣ್ಣು ಮತ್ತು ಕೈಯ ಕೆಲಸ. ಚೆಂಡು ಲೋಟದೊಳಗೆ ಹೋದರೆ ‘ಠಣ್’ ಅನ್ನುತ್ತದೆ. ನನ್ನ ಹೆಂಡತಿ ಸುವರ್ಣಾ ಅಡುಗೆಮನೆಯಲ್ಲಿ ಆ ಸದ್ದು ಕೇಳಿಯೇ ಚಹಾ ಇಡುತ್ತಿದ್ದಳು, ಯಾಕೆಂದರೆ ಠಣ್ ಅಂದ ದಿನ ನನ್ನ ಸಿಟ್ಟು ಕಡಿಮೆ.

ಆ ವರ್ಷ ಠಣ್ ನಿಂತುಹೋಯಿತು. ಚೆಂಡು ಪ್ರತಿ ಸಲ ಲೋಟದ ಬಲಗಡೆಯಿಂದ ಹಾದುಹೋಗಿ ಗೋಡೆಗೆ ಬಡಿಯುತ್ತಿತ್ತು. ಒಂದು ದಿನ ಹೀಗಾದರೆ ಬಿಡಿ ಅನ್ನಬಹುದು. ದಿನಾ ಹೀಗೇ, ಅದೇ ಬಲಕ್ಕೆ. ನಾನು ಎಡಕ್ಕೆ ಗುರಿ ಇಟ್ಟೆನೆಂದುಕೊಂಡರೂ ಬಲಕ್ಕೆ.

ಜೀವನವಿಡೀ ಇಳಿಜಾರು ಅಳೆದ ಮನುಷ್ಯ ಯಾರನ್ನು ಅನುಮಾನಿಸುತ್ತಾನೆ? ನೆಲವನ್ನು. ನಮ್ಮ ಕಡೆ ಮನೆಗೆ ಶಹಾಬಾದಿ ಫರ್ಸಿ ಕಲ್ಲು ಹಾಸುವಾಗ, ತೊಳೆದ ನೀರು ಮೋರಿಗೆ ಹೋಗಲಿ ಎಂದು ಒಂದು ಕಡೆಗೆ ಸ್ವಲ್ಪ ಢಾಳ ಕೊಡುತ್ತಾರೆ. ನಮ್ಮ ಪಡಸಾಲೆಯ ಢಾಳ ಎಡಕ್ಕೆ. ಕೆಳಗಿನ ಎರೆ ಮಣ್ಣು ಬೇಸಿಗೆಗೆ ಬಿರುಕು ಬಿಟ್ಟು, ಮಳೆಗೆ ಉಬ್ಬಿ, ಕಲ್ಲು ಕುಸಿದು ಢಾಳ ಬಲಕ್ಕೆ ತಿರುಗಿದೆ ಎಂದು ತೀರ್ಮಾನ ಮಾಡಿಬಿಟ್ಟೆ. ಗೌಂಡಿ ಬಂದು ರಸಮಟ್ಟ ಇಟ್ಟು ನೋಡಿ, “ಸಾಹೇಬ್ರ, ಢಾಳ ಮೊದಲಿದ್ದಂಗ ಅದರಿ” ಎಂದ. ನಿನ್ನ ರಸಮಟ್ಟ ಕೆಟ್ಟಿದೆ, ಕಲ್ಲು ಕೀಳು ಎಂದೆ.

ಮೆಹಬೂಬನಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕ.

“ಲೇ ಶರಣ್ಯಾ, ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ. ನಿಂದೂ ಹಂಗ ಆತು ನೋಡು!”

ನನ್ನ ಅವ್ವ ಮಾತ್ರ ನಗಲಿಲ್ಲ. ಬಲಗಡೆಯ ಗೋಡೆಗೆ ಹಚ್ಚಿದ ದಿವಾನದ ಮೇಲೆ ಕೂತು, ಕಿತ್ತ ಕಲ್ಲಿನ ಕೆಳಗೆ ಕಪ್ಪು ಮಣ್ಣು ಬಾಯಿ ತೆರೆದದ್ದನ್ನೇ ನೋಡುತ್ತಿದ್ದಳು. “ಬಾಳೇವು ಮಾಡೋ ಮನ್ಯಾಗ ಕುಣಿ ತಗಸಾಕತ್ತೀಯಲ್ಲೋ ತಮ್ಮಾ. ಇದು ಛಲೋ ಅಲ್ಲ” ಎಂದಳು. ನಮ್ಮಲ್ಲಿ ಕುಣಿ ಎಂದರೆ ಹೆಣ ಹೂಳುವ ಗುಂಡಿಯೂ ಹೌದು. ಅವ್ವನ ಮೇಲೆ ರೇಗಿದೆ. ಆದರೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಕಲ್ಲು ಮತ್ತೆ ಹಾಸಿದ್ದಾಯಿತು, ಒಣಗಿದ್ದಾಯಿತು. ಜಮಖಾನ ಬಿಡಿಸಿ ಮೊದಲ ಚೆಂಡು ತಳ್ಳಿದೆ. ಬಲಕ್ಕೇ ಹೋಯಿತು.

ಬೇರೆ ಸೂಚನೆಗಳೂ ಇದ್ದವು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಸ್ಕೂಟರಿನ ಎಡಗನ್ನಡಿ ಗೇಟಿಗೆ ಸಿಕ್ಕು ಒಡೆಯಿತು. ವಯಸ್ಸಾಯಿತು, ಗಡಿಬಿಡಿ ಮನುಷ್ಯ ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಕಾಣಲಿಲ್ಲ. ಹಿಂಡಿ ಇಲ್ಲದೆ ರೊಟ್ಟಿ ನನಗೆ ಇಳಿಯುವುದಿಲ್ಲ ಎಂದು ಸುವರ್ಣಾಳಿಗೆ ಮದುವೆಯಾದ ವಾರವೇ ಗೊತ್ತಾಗಿತ್ತು.

“ಹಿಂಡಿ ಮರತೇನು?” ಎಂದೆ.

“ತಾಟಿನಾಗೇ ಅದಲ್ರಿ.”

“ಎಲ್ಲದ?”

“ಚ್ಯಾಷ್ಟಿ ಮಾಡಾಕತ್ತೀರೇನು? ಉಪ್ಪಿನ ಬಾಜೂಕ ನೋಡ್ರಿ.”

ಉಪ್ಪೂ ಕಾಣಲಿಲ್ಲ. ಉಪ್ಪು, ಹಿಂಡಿ, ಉಪ್ಪಿನಕಾಯಿ ಎಲ್ಲ ತಾಟಿನ ಎಡಕ್ಕೆ ಬಡಿಸುವುದು ನಮ್ಮ ರೂಢಿ. ನಾನು ಬಲಗಡೆಯ ಪಲ್ಯ ಮುಗಿಸಿ, ನಡುವಿನ ರೊಟ್ಟಿಯ ಅರ್ಧ ತಿಂದು, ತಾಟು ಖಾಲಿಯಾಯಿತು ಎಂದುಕೊಂಡಿದ್ದೆ. ಸುವರ್ಣಾ ತಾಟನ್ನು ಹಿಡಿದು ತಿರುಗಿಸಿದಳು. ಹಿಂಡಿ ಕಾಣಿಸಿತು, ಉಪ್ಪು ಕಾಣಿಸಿತು, ಉಳಿದರ್ಧ ರೊಟ್ಟಿಯೂ ಕಾಣಿಸಿತು. ನಾನು ತಲೆ ಎತ್ತಿದಾಗ ಅವಳ ಮುಖದ ಬಣ್ಣ ಇಳಿದಿತ್ತು. ಇಬ್ಬರೂ ಆ ವಿಷಯ ಮಾತಾಡಲಿಲ್ಲ. ಮಾತಾಡಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ನನಗಿತ್ತು. ಅವಳಿಗೂ ಇತ್ತಂತೆ, ಆಮೇಲೆ ಹೇಳಿದಳು.

ಅದಾದ ವಾರದೊಳಗೆ ಪೂಜೆಯಲ್ಲಿ ನಡೆದದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಮ್ಮ ಮನೆತನದಲ್ಲಿ ದಿನಾ ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದನ್ನೇ ದಿಟ್ಟಿಸುತ್ತ ಕೂಡುವುದು ಪದ್ಧತಿ. ತಿಳಿವಳಿಕೆ ಬಂದಾಗಿನಿಂದ ನನ್ನ ಎಡಗೈ ಅದೊಂದು ಕೆಲಸವನ್ನು ಒಂದು ದಿನವೂ ತಪ್ಪಿಸಿದ್ದಿಲ್ಲ. ಹುಟ್ಟುವಾಗ ಕಟ್ಟಿದ್ದು, ಸಾಯುವ ತನಕ ಮೈಮೇಲಿಂದ ಅಗಲಬಾರದು, ನೆಲಕ್ಕಂತೂ ಬೀಳಲೇಬಾರದು ಎಂದು ಕೇಳಿ ಬೆಳೆದವರು ನಾವು. ಆ ಮುಂಜಾನೆ ಕಣ್ಣು ತೆರೆದು ನೋಡುತ್ತ ಕೂತೇ ಇದ್ದೆ. ಅವ್ವ ಎದುರಿಗೆ ಜಪ ಮಾಡುತ್ತಿದ್ದಳು. ಒಮ್ಮೆಗೇ “ಯಪ್ಪಾ, ಕೈ!” ಎಂದು ಚೀರಿದಳು. ನನ್ನ ಎಡಗೈ ತನ್ನಷ್ಟಕ್ಕೆ ತಾನೇ ಕೆಳಗಿಳಿದು ಓರೆಯಾಗಿತ್ತು. ಲಿಂಗ ಜಾರಿ ಮಡಿಲಲ್ಲಿ, ಧೋತರದ ನೆರಿಗೆಯಲ್ಲಿ ಬಿದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಕೈಯಲ್ಲಿ ಲಿಂಗ ಇದೆ ಎಂದೇ ನಾನು ನೋಡುತ್ತಿದ್ದೆ.

ಅವ್ವ ನನ್ನ ತೊಡೆ ಮುಟ್ಟಿ, “ನೆಲಕ್ಕ ಬಿದ್ದಿಲ್ಲ. ತೊಡಿಮ್ಯಾಲ ಅದ. ನೆಲಕ್ಕ ಬಿದ್ದಿಲ್ಲ” ಎಂದು ಮತ್ತೆ ಮತ್ತೆ ಹೇಳಿದಳು. ನನಗೆ ಹೇಳಿದಳೋ ದೇವರಿಗೆ ಹೇಳಿದಳೋ ತಿಳಿಯದು. ಅಂದೇ ಜಿಡಗಾ ಮಠಕ್ಕೆ ಹೋಗಿ ಅಡ್ಡಬಿದ್ದು ಬಂದೆವು. ಪಕ್ಕದ ಮನೆಯಾಕೆ, ಇದು ಗಾಳಿ ಸೋಕಿದ್ದು, ಬಿಡಿಸಲು ಗಾಣಗಾಪುರದ ಗುಡಿಗೆ ಕರೆದೊಯ್ಯಿರಿ ಎಂದಳು. ನಾನು ಯಾವುದಕ್ಕೂ ಬೇಡ ಅನ್ನಲಿಲ್ಲ. ದವಾಖಾನೆಗೆ ಹೋಗೋಣ ಎಂದು ಮಾತ್ರ ನನ್ನ ಬಾಯಿಂದ ಬರಲಿಲ್ಲ.

ಶ್ರಾವಣ ಬರುತ್ತದೆಂದು ಸುವರ್ಣಾ ಮನೆ ತೊಳೆಯತೊಡಗಿದಳು. ಜಮಖಾನ ಸುತ್ತಿ ಮೂಲೆಗಿಟ್ಟು, ಪಡಸಾಲೆಯ ನಡುವೆ ಒಂದು ಕೊಡ ನೀರು ಸುರಿದಳು. ನಾನು ಪಟರ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವಳು ಪೊರಕೆ ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತ ನಿಂತುಬಿಟ್ಟಳು.

“ನೀರು ಯಾವ ಕಡೆ ಹೊಂಟದ ನೋಡ್ರಿ.”

ತಲೆ ತಿರುಗಿಸಿ ತಿರುಗಿಸಿ ನೋಡಿದೆ. ನೀರು ಎಡಕ್ಕೆ, ಮೋರಿಯ ಕಡೆಗೆ ಸರಾಗವಾಗಿ ಹರಿಯುತ್ತಿತ್ತು. ಅವಳು ಒಂದು ಚೆಂಡನ್ನು ಒದ್ದೆ ಕಲ್ಲಿನ ಮೇಲೆ ಇಟ್ಟು ಬಿಟ್ಟಳು. ಅದೂ ನೀರಿನ ಹಿಂದೆ ಎಡಕ್ಕೇ ಉರುಳಿತು. ಲೋಟ ತಂದು ಇಟ್ಟು, “ಈಗ ನೀವು ಹೊಡೀರಿ” ಎಂದಳು. ಹೊಡೆದೆ. ಚೆಂಡು ಬಲಕ್ಕೆ, ಏರಿಗೆ ಹೋಗಿ ಗೋಡೆಗೆ ಬಡಿಯಿತು.

“ನೀರು ಸುಳ್ಳ ಹೇಳಂಗಿಲ್ಲ ಅಂತ ನೀವೇ ಅಂತಿದ್ರಲ್ರಿ. ನೆಲ ಸರಿ ಅದರಿ” ಎಂದವಳು ಒದ್ದೆ ನೆಲದ ಮೇಲೆ ಹಾಗೇ ಕೂತಳು. ಕಂತ್ರಾಟುದಾರರ ಮುಂದೆ ನಾನು ಆಡುತ್ತಿದ್ದ ಮಾತು ಅದು. ಕಾಗದ ನಂಬುತ್ತಿರಲಿಲ್ಲ, ಹೊಸ ಕಾಲುವೆಗೆ ನೀರು ಬಿಡಿಸಿ ನೋಡುತ್ತಿದ್ದೆ. ಪಟರನ್ನು ಮೂಲೆಗಿಟ್ಟೆ. ಮರುದಿನ ಸೊಲ್ಲಾಪುರಕ್ಕೆ ಹೊರಟೆವು.

ನಮ್ಮ ಕಡೆಯವರಿಗೆ ದೊಡ್ಡ ಬೇನೆ ಎಂದರೆ ಸೊಲ್ಲಾಪುರ. ದವಾಖಾನೆಯ ಬೋರ್ಡು ಮರಾಠಿ, ಬೆಂಚಿನ ಮೇಲೆ ಕೂತವರು ಅರ್ಧ ಕನ್ನಡದವರು. ರೊಟ್ಟಿಯ ಗಂಟು, ನೀರಿನ ಬಾಟಲಿ, ಸ್ಕ್ಯಾನಿನ ದೊಡ್ಡ ಲಕೋಟೆ. ಲಕೋಟೆ ಹಿಡಿದು ಒಳಗೆ ಹೋದವರು ಹೊರಗೆ ಬರುವಾಗ ಅವರ ಮುಖ ನೋಡಬಾರದು ಎಂದುಕೊಂಡರೂ ಎಲ್ಲರೂ ನೋಡುತ್ತಿದ್ದೆವು. ನನ್ನ ಬಲಕ್ಕೆ ಗಾಣಗಾಪುರದ ಕಡೆಯವನೊಬ್ಬ ಕೂತಿದ್ದ. ಅವನ ಅಣ್ಣ ಒಳಗೆ ಮಲಗಿದ್ದ.

“ಗಾಳಿ ಅಂತ ತಿಳದು ಮನ್ಯಾಗ ಇಟಗೊಂಡೇವ್ರಿ. ಕರ್ಕೊಂಡು ಬರೋದು ತಡಾ ಆತು” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಿಮಗೇನಾಗ್ಯದ್ರಿ?” ಎಂದು ಕೇಳಿದ. ಚೆಂಡು ಬಲಕ್ಕೆ ಹೋಗುತ್ತದೆ ಎಂದು ಹೇಗೆ ಹೇಳುವುದು? ತಲೆನೋವು ಎಂದೆ. ನನಗೆ ತಲೆನೋವು ಇರಲೇ ಇಲ್ಲ.

ಡಾಕ್ಟರು ಹೆಣ್ಣುಮಗಳು, ವಿಜಯಪುರದ ಕಡೆಯವರು. ಕನ್ನಡದಲ್ಲಿ ಮಾತಾಡಿಸಿದ್ದೇ ಅರ್ಧ ಜೀವ ಬಂದಂತಾಯಿತು. ಹಾಳೆಯ ಮೇಲೆ ಒಂದು ಉದ್ದ ಗೆರೆ ಎಳೆದು, “ಇದರ ನಡುವ ಗುರ್ತು ಹಾಕ್ರಿ” ಎಂದರು. ಇಂಥ ಗೆರೆಗಳ ಮೇಲೆಯೇ ಸಂಬಳ ತಿಂದವನು ನಾನು. ನಡುವೆ ಸರಿಯಾಗಿ ಗುರುತು ಹಾಕಿ ಪೆನ್ನು ಕೆಳಗಿಟ್ಟೆ. ಸುವರ್ಣಾ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಗುರುತು ಗೆರೆಯ ಬಲತುದಿಯ ಹತ್ತಿರ ಇತ್ತಂತೆ.

ಸ್ಕ್ಯಾನ್ ನೋಡಿ ಡಾಕ್ಟರು ಮುಚ್ಚಿಡದೆ ಹೇಳಿದರು. ತಲೆಯ ಬಲಭಾಗದಲ್ಲಿ ಗಡ್ಡೆ ಇದೆ. “ಗಡ್ಡಿ ಅಷ್ಟ ಕೆಟ್ಟದ್ದಲ್ಲ ಅನಸ್ತದ್ರಿ, ಆದ್ರ ಕೂತ ಜಾಗಾ ಕೆಟ್ಟದ್ದು. ತಗೀದಿದ್ರ ಇನ್ನೂ ಬೆಳಿತದ. ತಗದ್ರ ಎಡಗೈ ಹೋಗಬಹುದು, ಉಳೀಲೂಬಹುದು.” ಸಾಯುವ ಮಾತೂ ಬಂತು, ಆದರೆ ನನ್ನ ಕಿವಿಗೆ ಎಡಗೈ ಎಂಬುದೊಂದೇ ಬಿತ್ತು. ಲಿಂಗ ಹಿಡಿಯುವ ಕೈ ಅದು. ಅದಿಲ್ಲದೆ ಬದುಕಿ ಅವ್ವನ ಎದುರಿಗೆ ಹೇಗೆ ಕೂಡಲಿ ಎಂದು ಅನ್ನಿಸಿತು. ಹೊರಗೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು.

ಆಪರೇಷನ್ನಿನ ಮುಂಜಾನೆ ತಲೆ ಬೋಳಿಸಿ, ಹಸಿರು ಅಂಗಿ ತೊಡಿಸಿದರು. ನರ್ಸು ನನ್ನ ಕೊರಳು ತೋರಿಸಿ, “ಕಾಕಾ, ಗಳ್ಯಾತ್ಲ ಕಾಢಾ” ಎಂದು ಮರಾಠಿಯಲ್ಲಿ ಹೇಳಿದಳು, ಕೊರಳಲ್ಲಿರುವುದನ್ನು ತೆಗೆಯಿರಿ ಎಂದು. ಕೊರಳಲ್ಲಿ ದಾರ, ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ನಾನು ಬಲಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೈಮೇಲಿಂದ ಇದು ಹೋದ ಮೇಲೆ ಆ ಮೇಜಿನಿಂದ ನಾನು ಏಳುವುದಿಲ್ಲ ಎಂದು ಖಾತ್ರಿಯಾಗಿಹೋಗಿತ್ತು. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಭಾಷಣ ಹೊಡೆದವನು.

ನರ್ಸು ಕರಡಿಗೆ ನೋಡಿದವಳೇ ಕನ್ನಡಕ್ಕೆ ತಿರುಗಿದಳು. “ನಮ್ಮೂರು ಅಕ್ಕಲಕೋಟ್ರಿ ಕಾಕಾ. ನಮ್ಮ ಮನ್ಯಾಗೂ ಹಿಂಗೇ ಅದ. ನಾ ಮುಟ್ಟಂಗಿಲ್ಲ. ಕಾಕೂನ ಕರೀತೇನಿ.” ಒಳಗೆ ಯಾರನ್ನೂ ಬಿಡಬಾರದು ಎಂಬ ನಿಯಮ ಬದಿಗಿಟ್ಟು ಸುವರ್ಣಾಳನ್ನು ಕರೆತಂದಳು. ಸುವರ್ಣಾ ನನ್ನ ಕೊರಳಿನಿಂದ ತೆಗೆದು, ನಡುವೆ ಎಲ್ಲೂ ಇಡದೆ, ನೇರ ತನ್ನ ಕೊರಳಿಗೆ ಹಾಕಿಕೊಂಡಳು. ಅವಳ ಲಿಂಗದ ಪಕ್ಕದಲ್ಲಿ ನನ್ನದು ನಿಂತಿತು.

“ನೀವು ಹೊರಗ ಬರೂತನಕಾ ಕೊಳ್ಳಾಗಿಂದ ತಗಿಯಂಗಿಲ್ಲ. ಹೋಗಿ ಬರ್ರಿ” ಎಂದಳು, ನಾನು ಸಂತೆಗೆ ಹೊರಟಿದ್ದೇನೆ ಅನ್ನುವ ಹಾಗೆ.

ಎಚ್ಚರವಾದಾಗ ಮೊದಲು ಕೇಳಿದ್ದು ಎಡಗೈ ಎಲ್ಲಿ ಎಂದು. ಇಲ್ಲೇ ಇದೆ ಎಂದು ಯಾರೋ ಹೇಳಿದರು. ಇದ್ದರೇನು, ಅದು ನನ್ನದಾಗಿರಲಿಲ್ಲ. ಹಾಸಿಗೆಯ ಮೇಲೆ ಬೇರೆ ಯಾರದೋ ಕೈ ಬಿದ್ದಂತೆ ಬಿದ್ದಿತ್ತು. ವಾರ್ಡಿಗೆ ತಂದ ಮೇಲೆ ಮೆಹಬೂಬ ಬಂದ. ಕಿಸೆಯಿಂದ ಗಾಲ್ಫ್ ಚೆಂಡು ತೆಗೆದು ನನ್ನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಚಿ, “ಹಿಡಿಯಲೇ” ಎಂದ. ಅವನು ಕೈ ಬಿಟ್ಟ ಕೂಡಲೇ ಚೆಂಡು ಜಾರಿ ನೆಲಕ್ಕೆ ಬಿದ್ದು, ಟಪ್ ಟಪ್ ಎಂದು ಪುಟಿದು, ಮಂಚಗಳ ಕೆಳಗೆ ಉರುಳಿಹೋಯಿತು. ವಾರ್ಡಿನವರೆಲ್ಲ ಆ ಸದ್ದು ಕೇಳಿದರು. ಚೆಂಡಿನ ಜಾಗದಲ್ಲಿ ಲಿಂಗ ಇದ್ದಿದ್ದರೆ ಎಂದು ನೆನೆದು ನಾನು ಅತ್ತುಬಿಟ್ಟೆ. ಮೆಹಬೂಬ ಮಂಚದ ಕೆಳಗೆ ತೆವಳಿ ಚೆಂಡು ತಂದು, ಮತ್ತೆ ಅಂಗೈಯಲ್ಲಿಟ್ಟ. “ಬಿದ್ರ ಬೀಳ್ಲಿ ಯಾರ್. ಚೆಂಡು ಬೀಳಾಕೇ ಇರೋದು. ನಾ ಎತ್ತಿ ಕೊಡ್ತೇನಿ, ನೀ ಹಿಡಿ.” ಸುಬೇದಾರನಾಗಿದ್ದವನು ಆ ದಿನ ಎಷ್ಟು ಸಲ ಬಗ್ಗಿ ಎದ್ದನೋ ತಿಳಿಯದು.

ಮನೆಗೆ ಬಂದ ಮೇಲೂ ಅದೇ ಪಾಠ. ಮೊದಲು ಹೆಬ್ಬೆರಳು ಅಲುಗಿತು. ದಸರೆ ಹೊತ್ತಿಗೆ ಚೆಂಡು ಕೈಯಲ್ಲಿ ನಿಲ್ಲತೊಡಗಿತು. ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಸ್ನಾನ ಮಾಡಿ, ಅವ್ವನ ಎದುರಿಗೆ ಕೂತೆ. ಸುವರ್ಣಾ ನನ್ನ ಅಂಗೈಯಲ್ಲಿ ಲಿಂಗ ಇಟ್ಟು, ಕೆಳಗೆ ತನ್ನ ಅಂಗೈ ಹಿಡಿದಳು. ಅವ್ವ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸುವರ್ಣಾ ಮೆಲ್ಲಗೆ ತನ್ನ ಕೈ ಎಳೆದುಕೊಂಡಳು. ನನ್ನ ಕೈ ನಡುಗಿತು, ಆದರೆ ಇಳಿಯಲಿಲ್ಲ. ಅವ್ವ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪೂರ್ತಿ ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಡಗಡೆಯ ನೋಟದಲ್ಲಿ ಒಂದು ತುಂಡು ಹೋದದ್ದು ಹೋಗಿಯೇಬಿಟ್ಟಿತು. ಸ್ಕೂಟರ್ ಮಾರಿದೆ. ಹಿಂಡಿಯನ್ನು ಈಗ ತಾಟಿನ ಬಲಕ್ಕೆ ಬಡಿಸುತ್ತಾರೆ, ಮದುವೆಮನೆಗಳಲ್ಲಿ ಮಾತ್ರ ಹುಡುಕಬೇಕು. ಒಂದು ರಕ್ತನಾಳಕ್ಕೆ ಅಂಟಿಕೊಂಡಿದ್ದ ಗಡ್ಡೆಯ ಚೂರನ್ನು ಡಾಕ್ಟರು ಮುಟ್ಟಲಿಲ್ಲ. ಅದು ಸುಮ್ಮನಿರಬಹುದು, ಬೆಳೆಯಲೂಬಹುದು. ಪ್ರತಿ ವರ್ಷ ಸ್ಕ್ಯಾನ್ ಮಾಡಿಸಬೇಕು. ಬಾಗಿಲಿಗೆ ಭುಜ ತಗುಲಿದರೂ ಸುವರ್ಣಾ ನನ್ನ ಕಡೆ ನೋಡುತ್ತಾಳೆ, ನಾನು ಬೇರೆ ಕಡೆ ನೋಡುತ್ತೇನೆ. ಈ ಬೇನೆಯಲ್ಲಿ ಬದುಕುವುದು ಎಂದರೆ ಇದೇ, ಕತ್ತಿಯ ಕೆಳಗೆ ಕೂತು ಚಹಾ ಕುಡಿಯುವುದು. ರೂಢಿಯಾಗುತ್ತದೆ, ಆದರೆ ಕತ್ತಿ ಅಲ್ಲೇ ಇರುತ್ತದೆ.

ತಲೆ ಎಡಕ್ಕೆ ಹೊರಳಿಸಿ ಗುರಿ ಹಿಡಿಯುವುದನ್ನು ಕಲಿತ ಮೇಲೆ ಠಣ್ ಕೂಡ ಮರಳಿ ಬಂದಿತ್ತು. ಈ ವರ್ಷ ಮಳೆ ಬಿದ್ದು ಜೇವರ್ಗಿಯ ಆಟ ನಿಂತಿತು. ಜಮಖಾನ ಹಾಸಿದೆ. ಮೊದಲ ಚೆಂಡು ಬಲಕ್ಕೆ ಹೋಯಿತು. ಎರಡನೆಯದೂ ಬಲಕ್ಕೆ. ಸಂಜೆಯವರೆಗೆ ಬಿಟ್ಟು ಮತ್ತೆ ಹೊಡೆದೆ, ಬಲಕ್ಕೇ. ಕೈಯಲ್ಲಿದ್ದ ಪಟರ್ ಬೆವರಿನಿಂದ ಜಾರತೊಡಗಿತು. ಸ್ಕ್ಯಾನಿಗೆ ಇನ್ನೂ ಸಮಯವಿತ್ತು. ಯಾರಿಗೂ ಹೇಳಬಾರದು ಎಂದುಕೊಂಡೆ. ಆದರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತುಹೋಗಿತ್ತು. ಠಣ್ ಬಾರದ್ದನ್ನು ಸುವರ್ಣಾ ಅಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಕೊಡ ಹಿಡಿದು ಬಂದಳು. ನನ್ನ ಮುಖ ನೋಡಲಿಲ್ಲ. ಜಮಖಾನ ಎಳೆದು ಬದಿಗೊತ್ತಿ, ನಡುನೆಲಕ್ಕೆ ನೀರು ಸುರಿದಳು. ನನಗೆ ನೋಡಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ನಿಂತೆ. ನೀರು ಮೋರಿಯ ಕಡೆ ಹೋಗುವ ಸದ್ದಿಗಾಗಿ ಕಿವಿಗೊಟ್ಟು ಕಾಯುತ್ತಿದ್ದೆ.

“ಏ! ನನ್ನ ಕಾಲಾಗ ಯಾಕ ನೀರು ಬಿಟ್ರಿ?” ಎಂದು ಅವ್ವ ಒದರಿದಳು.

ಕಣ್ಣು ತೆರೆದೆ. ಅವ್ವ ಬಲಗಡೆಯ ದಿವಾನದ ಮೇಲೆ ಕಾಲು ಎತ್ತಿಕೊಂಡು ಕೂತಿದ್ದಳು. ಅವಳ ಚಪ್ಪಲಿ ನೀರಲ್ಲಿ ತೇಲುತ್ತಿತ್ತು. ನೀರೆಲ್ಲ ಬಲಕ್ಕೇ ಹರಿದು ದಿವಾನದ ಕೆಳಗೆ ನಿಂತಿತ್ತು. ಅಂದು ನಾನು ಹಟ ಹಿಡಿದು ಕೀಳಿಸಿ ಹಾಸಿಸಿದ ಕಲ್ಲು, ಕೆಳಗಿನ ಎರೆ ಮಣ್ಣು ಸಡಿಲಾಗಿ, ಬಲಕ್ಕೆ ಕುಸಿದಿತ್ತು. ಸುವರ್ಣಾ ಕೊಡ ಕೆಳಗಿಟ್ಟು, ಅದೇ ಒದ್ದೆ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಅವ್ವ ಗಾಬರಿಯಾಗಿ, “ಯಾಕ ಅಳ್ತೀಯವ್ವಾ? ಚಪ್ಪಲಿ ಒಣಗ್ತಾವ ಬಿಡು” ಎಂದಳು.

ಮೆಹಬೂಬನಿಗೆ ಫೋನು ಹಚ್ಚಿ, “ನೆಲ ಡೊಂಕು ಅದಲೇ!” ಎಂದು ಕೂಗಿದೆ. ಈ ಸಲ ಅವನು ನಗಲಿಲ್ಲ. “ಅಲ್ಲಾ ಕಾ ಶುಕರ್” ಎಂದ.

ಸೊಲ್ಲಾಪುರಕ್ಕೆ ಹೋಗುವ ದಿನ ಇನ್ನೂ ಬರಬೇಕಿದೆ. ಆ ಬೆಂಚು, ಆ ಲಕೋಟೆ, ಮುಖ ನೋಡುವ ಕಣ್ಣುಗಳು ಎಲ್ಲ ಅಲ್ಲೇ ಕಾಯುತ್ತಿವೆ. ಗೌಂಡಿಗೆ ಹೇಳಿ ಕಲ್ಲು ಸರಿ ಮಾಡಿಸಲೇ ಎಂದು ಸುವರ್ಣಾಳನ್ನು ಕೇಳಿದೆ.

“ಬ್ಯಾಡ್ರಿ. ಡೊಂಕು ನೆಲದಾಗೇ ಇರಲಿ” ಎಂದು ಅವಳು ಬಲಗಡೆಗೆ ಬಗ್ಗಿ ನೀರು ಒರೆಸತೊಡಗಿದಳು.